ಬಾಲ ಬೀಸುವ ಕೋಣೆ

ನಮ್ಮ ಸೋದರಮಾವನ ಬಗ್ಗೆ ಜಮಖಂಡಿಯಲ್ಲಿ ಹೇಳುವ ಮಾತುಗಳಲ್ಲಿ ಸುಳ್ಳು ಒಂದೇ ಒಂದು: ಅವರು ತಮ್ಮ ಮೋಟಾರಿಗೆ ಹುರುಳಿ ನೆನೆಸಿ ಇಡುತ್ತಿದ್ದರು ಎಂಬುದು. ಇಡುತ್ತಿರಲಿಲ್ಲ. ನಾನೇ ಸಾಕ್ಷಿ. ಉಳಿದದ್ದೆಲ್ಲ ಖರೆ. ಕಾರ ಹುಣ್ಣಿವೆಯ ದಿನ ಅದರ ಎರಡು ದೀಪಗಳಿಗೆ ಗೊಂಡೆ ಕಟ್ಟಿದ್ದು ಖರೆ. ಏರು ಹತ್ತುವಾಗ ಬಾಗಿಲಿನ ಹೊರಮೈ ತಟ್ಟಿ "ಹೋ ನನ್ನಪ್ಪಾ, ಇನ್ನೊಂದೀಟ" ಎಂದು ಹುರಿದುಂಬಿಸುತ್ತಿದ್ದದ್ದು ಖರೆ. ದೂರದ ಊರಿಂದ ಬಂದ ಮೇಲೆ ಅದರ ಬೆನ್ನಿಗೆ ಗೋಣಿ ಹೊದಿಸುತ್ತಿದ್ದದ್ದೂ ಖರೆ. ಕಡೆಗೆ ಅದರ ಹಿಂದೆ ಒಂದು ಇಡೀ ಕೋಣೆಯನ್ನು ಕಟ್ಟಿ ಊರೂರು ಎಳೆದರಲ್ಲ, ಅದಂತೂ ಮೂರು ಸಲ ಖರೆ. ಆ ಕೋಣೆಯೊಳಗೆ ಇದ್ದವನು ನಾನೇ!

ನನ್ನ ಬಗ್ಗೆ ಎರಡು ಮಾತು ಹೇಳಿದರೆ ಆ ದೃಶ್ಯ ನಿಮಗೆ ಇನ್ನೂ ಚೆನ್ನಾಗಿ ಕಂಡೀತು. ಆಗ ನನಗೆ ನಲವತ್ತೆರಡು. ಊರ ಸಾಲೆಯಲ್ಲಿ ಮಾಸ್ತರ. ಚಿಂತೆ ನನಗೆ ಪಿತ್ರಾರ್ಜಿತವಲ್ಲ, ಸ್ವಂತ ಸಂಪಾದನೆ. ಮನೆಗೆ ಕೀಲಿ ಹಾಕಿ ಹತ್ತು ಹೆಜ್ಜೆ ಹೋಗಿ, ತಿರುಗಿ ಬಂದು ಜಗ್ಗಿ ನೋಡುವವನು. ಹಾಗೆ ಜಗ್ಗಿ ಜಗ್ಗಿಯೇ ಎರಡು ಕೀಲಿ ಕೆಡಿಸಿದವನು. ಬೇಸಿಗೆಯಲ್ಲಿ ಬಗಲಲ್ಲಿ ಕೊಡೆ; ಹೊಟ್ಟೆ ನೋಯದಿದ್ದರೂ ಕಿಸೆಯಲ್ಲಿ ಅಜವಾನದ ಪೊಟ್ಟಣ. ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದಾಗ ಊರೆಲ್ಲ ಪೇಢೆ ಹಂಚಿತು. ನಾನು ಮಾತ್ರ, ಅಷ್ಟು ದೂರದ ಮುಂಬಯಿಯಿಂದ ನಮ್ಮ ಸಾಲೆಗೆ ಸೀಮೆಸುಣ್ಣ ಬರುವಷ್ಟರಲ್ಲಿ ಪುಡಿಯಾಗಿಬಿಟ್ಟರೆ ಹೇಗೆ ಎಂದು ಯೋಚಿಸುತ್ತ ಪೇಢೆ ತಿಂದೆ. ಇಂಥವನನ್ನು ಗಾಲಿಯ ಮೇಲಿನ ಕೋಣೆಯಲ್ಲಿ ಹಾಕಿ ಎಳೆದರೆ ಹೇಗಿರಬೇಡ?

ಮಾಮಾ ಹುಟ್ಟಾ ಒಕ್ಕಲುತನದವರು. ಹತ್ತೂರಿನ ಎತ್ತು ಬಲ್ಲವರು. ಮೋಟಾರು ಅವರ ಮನೆಗೆ ಬಂದದ್ದು ಸಂಸ್ಥಾನ ಹೋದ ಮರುವರ್ಷ. ಅಧಿಕಾರಿಯೊಬ್ಬರು ಊರು ಬಿಟ್ಟು ಹೊರಟಾಗ ಮಾರಿಹೋದದ್ದು. ಕೊಳ್ಳುವ ಮುಂಚೆ ಮಾಮಾ ಅದರ ಸುತ್ತ ಮೂರು ಸುತ್ತು ಹಾಕಿದರು, ಗಾಲಿಗೊಂದು ಒದೆ ಕೊಟ್ಟರು, ಮುಂದಿನ ಜಾಳಿಗೆಯೊಳಗೆ ಬಗ್ಗಿ ನೋಡಿದರು. ಆಮೇಲೆ ಕೇಳಿದರು:

"ಎಷ್ಟ ಹಲ್ಲಿಂದ್ರಿ ಸಾಹೇಬ್ರ?"

"ಇದು ಮೋಟಾರ್ರೀ!" ಎಂದರು ಸಾಹೇಬರು.

"ಅದಕ್ಕ ನಿಮ್ಮನ್ನ ಕೇಳಿದೆ. ಎತ್ತಾಗಿದ್ರ ನಾನ ಬಾಯಿ ಬಿಚ್ಚಿ ನೋಡತಿದ್ನೆಲ್ಲ!"

ಈಗ ಕೋಣೆಯ ಕತೆ. ಅದು ಶುರುವಾದದ್ದು ನಗೆಯಿಂದಲ್ಲ. ನಮ್ಮ ಅತ್ತಿ, ಅಂದರೆ ಮಾಮಾನ ಹೆಂಡತಿ, ಹಿತ್ತಲ ಬಾವಿಯ ಮೆಟ್ಟಿಲಲ್ಲಿ ಜಾರಿ ಬಿದ್ದು ಟೊಂಕ ಮುರಿದುಕೊಂಡರು. ಎಲುಬು ಕೂಡಿಸುವವರು ಬಂದು ಪಟ್ಟಿ ಕಟ್ಟಿದರು. ಡಾಕ್ಟರು ಬಂದು ಪಟ್ಟಿ ಬಿಚ್ಚಿದರು. ಇಬ್ಬರೂ ಹೇಳಿದ್ದು ಒಂದೇ: ಅಲುಗದೆ ಮಲಗಿರಬೇಕು, ಕೂಡುವಂತಿಲ್ಲ. ಹೀಗೆ ಒಂದು ವರ್ಷ. ಮೈ ಮಲಗಿತೇ ಹೊರತು ನಾಲಿಗೆ ಮಲಗಲಿಲ್ಲ, ದೇವರ ದಯೆ. ನಾನು ಮಾತಾಡಿಸಲು ಹೋದಾಗ ಹೇಳುತ್ತಿದ್ದರು:

"ಮಾಸ್ತರಾ, ಈ ಮಾಡಿಗೆ ಹದಿನೇಳ ಜಂತಿ ಅದಾವ. ನಿನ್ನೆ ಎಣಿಸಿದ್ರೂ ಹದಿನೇಳ, ಇವತ್ತ ಎಣಿಸಿದ್ರೂ ಹದಿನೇಳ. ಒಂದರ ಹೆಚ್ಚಾಗಬಾರದೇನೋ, ಬ್ಯಾಸರಕಿಗೆ?"

ಅವರಿಗೆ ಒಬ್ಬಳೇ ಮಗಳು. ಬೀಳಗಿಗೆ ಕೊಟ್ಟಿತ್ತು. ಆ ವರ್ಷ ಮಗಳಿಗೆ ಚೊಚ್ಚಲು ಬಸಿರು. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕಲ್ಲವೇ? ಆದರೆ ತವರಲ್ಲಿ ಬಾಣಂತನ ಮಾಡಬೇಕಾದ ತಾಯಿಯೇ ಹಾಸಿಗೆ ಹಿಡಿದಿದ್ದಾಳೆ. ಬೀಗರು ಒಳ್ಳೆಯವರು, "ಇಲ್ಲೇ ಆಗಲಿ ಬಿಡ್ರಿ" ಎಂದರು. ಅವರು ಹಾಗೆಂದದ್ದೇ ಅತ್ತಿಗೆ ಮುಳ್ಳಾಯಿತು. ಸೀಮಂತದ ಕುಬಸಕ್ಕಾದರೂ ಹೋಗಬೇಕೆಂದು ಹಟ ಹಿಡಿದರು. ಮಾಮಾ ಚಕ್ಕಡಿಯಲ್ಲಿ ಮೊಣಕಾಲೆತ್ತರ ಹುಲ್ಲು ಹಾಸಿ, ಅದರ ಮೇಲೆ ನಾಲ್ಕು ಕೌದಿ ಹಾಸಿ, ತಮ್ಮ ಅತ್ಯಂತ ಸೌಮ್ಯ ಎತ್ತುಗಳನ್ನು ಹೂಡಿ ಹೊರಟರು. ಊರ ಅಗಸಿ ದಾಟಿರಲಿಲ್ಲ; ಅತ್ತಿ ಕಚ್ಚಿ ಹಿಡಿದ ತುಟಿಯಲ್ಲಿ ರಕ್ತ ಕಂಡಿತು. ಮಾಮಾ ಅಲ್ಲೇ ಚಕ್ಕಡಿ ತಿರುಗಿಸಿದರು. ಅತ್ತಿ ಬೇಡಿಕೊಂಡರೂ ನಿಲ್ಲಿಸಲಿಲ್ಲ.

ಅಂದು ಅವರು ಉಣ್ಣಲಿಲ್ಲ. ಅತ್ತಿಯೇ ಗದರಿಸಬೇಕಾಯಿತು: "ಟೊಂಕ ಮುರದದ್ದು ನನಗ. ನಿಮಗೇನಾಗೇತಿ? ಉಣ್ರಿ."

ಮಾಮಾ ತಾಟಿನ ಮುಂದೆ ಕೂತು ಹೇಳಿದರು: "ಕೂಸಿನ ತೊಟ್ಟಿಲ ನಮ್ಮ ಮನ್ಯಾಗಿಂದ ಹೋಗಬೇಕು. ತೊಟ್ಟಿಲದ ಸಂಗಾಟ ನೀನೂ ಹೋಗತಿ. ಮೈ ಅಲಗದಂಗ ಒಯ್ತೇನಿ. ನೋಡೀಯಂತ."

ಇದು ಆಣೆ ಇಟ್ಟದ್ದಲ್ಲ, ದೇವರಿಗೆ ಹರಕೆ ಹೊತ್ತದ್ದಲ್ಲ. ಜೋಳದ ರೊಟ್ಟಿ ಮುರಿಯುತ್ತ ಹೇಳಿದ್ದು. ಅದಕ್ಕೇ ನನಗೆ ಚಿಂತೆ ಹತ್ತಿತು.

ಮರುದಿನ ಮಾಮಾ ಬನಹಟ್ಟಿಯಿಂದ ಮೌನಪ್ಪನೆಂಬ ಬಡಿಗನನ್ನು ಕರೆಸಿದರು. ಮಗ್ಗ ಮಾಡುವುದರಲ್ಲಿ ಎತ್ತಿದ ಕೈ.

"ಒಂದ ಖೋಲಿ ಕಟ್ಟಿಕೊಡಬೇಕಲ್ಲೋ ಮೌನಪ್ಪಾ."

"ಅದಕ್ಕೇನ್ರಿ ಸಾವಕಾರ. ಎಲ್ಲಿ ಕಟ್ಟೂಣು?"

"ಎಲ್ಲೂ ಅಲ್ಲ. ಅದು ಒಂದ ಕಡೆ ನಿಂದ್ರಬಾರದು."

ಮೌನಪ್ಪ ನನ್ನ ಮುಖ ನೋಡಿದ. ನಾನು ಜಂತಿ ಎಣಿಸಿದೆ.

ಆಯಿತು, ಕಟ್ಟಿದರು. ಎರಡು ರಬ್ಬರಿನ ಗಾಲಿ, ಅವುಗಳ ಮೇಲೆ ಹಲಗೆಯ ನೆಲ, ಸಾಗವಾನಿಯ ಚೌಕಟ್ಟು, ತಗಡಿನ ಮಾಡು, ಒಳಗೊಂದು ಮಂಚ. ಮುಂದೆ ಚಕ್ಕಡಿಯ ಮೂಕಿಯಂತೆ ಚಾಚಿದ ಒಂದು ತೊಲೆ. ಅದರ ತುದಿಗೆ ಕಬ್ಬಿಣದ ಕೊಂಡಿ. ಅದನ್ನು ಮೋಟಾರಿನ ಹಿಂದೆ ಒಂದು ಕೀಲು ಹಾಕಿ ಸಿಕ್ಕಿಸುವುದು. ಎಲ್ಲ ಸರಿ. ಆದರೆ ಕಿಟಕಿ?

"ಕಿಡಕಿ ಎಷ್ಟ ಎತ್ತರಕ್ಕ ಇಡ್ಲಿರಿ?" ಎಂದು ಮೌನಪ್ಪ ಕೇಳಿದಾಗ ಮಾಮಾ ತಮ್ಮ ಮೊಣಕಾಲಿಗಿಂತ ತುಸು ಮೇಲೆ ಕೈ ಇಟ್ಟು ತೋರಿಸಿದರು.

"ಅಲ್ರೀ! ಅಲ್ಲಿಂದ ಹೊರಗ ನೋಡೂದು ಯಾರು? ಕೋಳಿ?"

"ಹೇಳಿದಷ್ಟ ಮಾಡು."

ಮೌನಪ್ಪ ಮಾಡಿದ. ನೋಡಿದ ಊರೆಲ್ಲ ನಕ್ಕಿತು. ಊರಿನ ಜೊತೆ ನಾನೂ ನಕ್ಕೆ. ಈಗ ಹೇಳಲು ನಾಚಿಕೆಯಾಗುತ್ತದೆ.

ಅಷ್ಟರಲ್ಲಿ ಪೋಲೀಸಿನವನೊಬ್ಬ ಬಂದು ಕೋಣೆಯ ಸುತ್ತ ತಿರುಗಿ, "ಇದು ಮನೀನೋ ಗಾಡೀನೋ?" ಎಂದ.

"ನಿಂತಾಗ ಮನಿ, ಹೊಂಟಾಗ ಗಾಡಿ."

"ಎರಡಕ್ಕೂ ಬ್ಯಾರೆ ಬ್ಯಾರೆ ಕಚೇರಿ ಅದಾವ್ರಿ."

"ಹಂಗಾರ ಯಾವ ಕಚೇರಿ ಅಂತ ಮುಂಬಯಿಗೆ ಬರದ ಕೇಳು. ಉತ್ತರ ಬರೂದರಾಗ ನಾವು ಬೀಳಗಿಗೆ ಹೋಗಿ ಬಂದಿರ್ತೇವಿ."

ಅವನು ಬರೆದನೋ ಇಲ್ಲವೋ ಗೊತ್ತಿಲ್ಲ. ಉತ್ತರವಂತೂ ಇಂದಿಗೂ ಬಂದಿಲ್ಲ.

ಮಾಮಾ ಒಂದು ಪರೀಕ್ಷೆ ಇಟ್ಟರು. ಕೋಣೆಯ ಮಂಚದ ಪಕ್ಕದ ಹಲಗೆಯ ಮೇಲೆ ಅರಿವೆಯ ಸಿಂಬೆ. ಸಿಂಬೆಯ ಮೇಲೆ ಕಂಠದವರೆಗೆ ನೀರು ತುಂಬಿದ ಹಿತ್ತಾಳೆಯ ತಂಬಿಗೆ. ಆ ನೀರು ಚೆಲ್ಲದೆ ಕೋಣೆ ಸಾಗಿದರೆ ಮಾತ್ರ ಅತ್ತಿ ಅದರಲ್ಲಿ ಮಲಗುವುದು. "ಬೀಳಗಿ ದಾರ್ಯಾಗ ಚೆಲ್ಲಿದರೂ ಅಷ್ಟ. ಎಲ್ಲಿ ಚೆಲ್ಲತೈತೋ ಅಲ್ಲಿಂದ ತಿರುಗಸೂದು. ಇನ್ನೊಮ್ಮೆ ಆಕಿ ತುಟಿ ಕಚ್ಚೂದನ್ನ ನಾ ನೋಡಾಕ ಒಲ್ಲೆ," ಎಂದರು. ಒಳಗಿನವರು ಸುದ್ದಿ ತಿಳಿಸಲು ಮೋಟಾರಿನಲ್ಲಿ ಎತ್ತಿನ ಕೊರಳಗಂಟೆಯೊಂದನ್ನು ತೂಗುಹಾಕಿ, ಅದರ ಹಗ್ಗವನ್ನು ಕೋಣೆಯೊಳಗೆ ಬಿಟ್ಟರು. ಚೆಲ್ಲಿತೋ, ಎಳೆ.

ಎಳೆಯುವವರು ಯಾರು? ನನ್ನ ಕಡೆ ನೋಡಿದರು.

"ಇವತ್ತ ನೀ ನಿಮ್ಮತ್ತಿ ಇದ್ದಂಗ. ಹೋಗಿ ಮಲಕೋ."

"ಮಾಮಾ, ನನ್ನ ಟೊಂಕ ಸರಿ ಐತ್ರಿ..."

"ತಿರುಗಿ ಬರೂಮಟಾ ಇರ್ತೈತೋ ಇಲ್ಲೋ, ಅದನ್ನ ನೋಡಬೇಕಾಗೇತಿ."

ಬನಹಟ್ಟಿಯ ದಾರಿ ಹಿಡಿದೆವು. ಒಂದು ಮೈಲು ಸುಖವಾಗಿತ್ತು. ಮಾಮಾನಿಗೆ ಹುರುಪು ಬಂದು ತುಸು ಜೋರು ಮಾಡಿದರು ನೋಡಿ, ಕೋಣೆ ಬಾಲ ಬೀಸಲು ಶುರುಮಾಡಿತು! ಮೊದಲು ಮೆಲ್ಲಗೆ, ಆ ಕಡೆ ಈ ಕಡೆ, ಯಜಮಾನನನ್ನು ಕಂಡ ನಾಯಿಯ ಹಾಗೆ. ಆಮೇಲೆ ಯಜಮಾನ ಬುತ್ತಿ ಬಿಚ್ಚಿದಾಗಿನ ಹಾಗೆ. ನಾನು ಕಣ್ಣು ಗಟ್ಟಿಯಾಗಿ ಮುಚ್ಚಿ ಮಂಚವನ್ನು ತಬ್ಬಿಕೊಂಡು ಬೋರಲು ಬಿದ್ದಿದ್ದೆ. ತಂಬಿಗೆ ಯಾವಾಗಲೋ ನನ್ನ ಬೆನ್ನಿನ ಮೇಲೆ ಬರಿದಾಗಿತ್ತು. ಗಂಟೆ ಎಳೆಯಲು ಹಗ್ಗ ಹುಡುಕಿದರೆ ಕೈಗೆ ನನ್ನದೇ ಧೋತರದ ಚುಂಗು ಸಿಕ್ಕಿತು, ಅದನ್ನೇ ಎಳೆದೆ. ಅಷ್ಟರಲ್ಲಿ ಎದುರಿಗೆ ಎಮ್ಮೆ ಬಂತಂತೆ. ಮಾಮಾ ಬ್ರೇಕು ಒತ್ತಿದರು. ಮೋಟಾರು ನಿಂತಿತು. ನಿಲ್ಲಬೇಕೆಂದು ಕೋಣೆಗೆ ಯಾರೂ ಹೇಳಿರಲಿಲ್ಲ. ಅದು ಸರ್ರನೆ ಹೊರಳಿ ಮುಂದಕ್ಕೆ ಬಂದು ಮಾಮಾನ ಭುಜದ ಪಕ್ಕದಲ್ಲೇ ನಿಂತಿತು. ಬಾಗಿಲು ತಾನಾಗಿ ತೆರೆಯಿತು. ಕಣ್ಣು ಬಿಟ್ಟರೆ ಎದುರಿಗೆ ಮಾಮಾನ ಕಿವಿ.

ಮಾಮಾ ತಿರುಗಿ ನೋಡಿ ಬೆಚ್ಚಿದರು. "ನೀ ಇಲ್ಲಿಗ್ಯಾಕ ಬಂದಿ?"

ಮಾಮಾ ಮೂರು ದಿನ ಯೋಚನೆ ಮಾಡಿದರು. ನಾಲ್ಕನೆಯ ದಿನ ಸಾಲೆಗೇ ಬಂದು ನನ್ನನ್ನು ಹೊರಗೆ ಕರೆದು ಹೇಳಿದರು: "ಸಿಕ್ತೋ! ಬಾಲ ಯಾಕ ಬೀಸತೈತಿ? ಹಗರ ಐತಿ, ಅದಕ್ಕ. ನಾಯಿ ಬಾಲಕ್ಕ ಕಲ್ಲ ಕಟ್ಟಿದ್ರ ಹೆಂಗ ಬೀಸತೈತಿ?" ಅದಕ್ಕೆ ಕೋಣೆಯ ಹಿಂಬದಿಗೆ ಮನೆಯ ಬೀಸುವ ಕಲ್ಲು ಕಟ್ಟಿದರು. ಈ ಸಲ ಮುಧೋಳದ ದಾರಿ. ಮಂಚದ ಮೇಲೆ ಮತ್ತೆ ನಾನು. ಕಣ್ಣು ಮತ್ತೆ ಮುಚ್ಚಿದ್ದೆ.

ಬೀಸಿತೇ? ಕಲ್ಲು ಕಟ್ಟಿದ ನಾಯಿ ಬೀಸುವುದಿಲ್ಲವೋ ಏನೋ, ಕಲ್ಲು ಕಟ್ಟಿದ ಕೋಣೆ ರಸ್ತೆಯ ಎರಡೂ ಬದಿಯ ಬೇವಿನ ಗಿಡಗಳನ್ನು ವಿಚಾರಿಸಿಕೊಂಡು ಬಂತು! ಹಿಂದಿನ ಭಾರಕ್ಕೆ ಮುಂದಿನ ತೊಲೆ ಮೇಲೇಳುತ್ತ, ಏಳುತ್ತ, ಒಂದು ಕುಣಿಯಲ್ಲಿ ಕೀಲು ಟಣ್ಣನೆ ಹಾರಿತು. ಮೋಟಾರು ಮುಂದೆ ಹೋಯಿತು. ನಾವು ಹೋಗಲಿಲ್ಲ. ನಾವು ಎಂದರೆ ನಾನು, ಕೋಣೆ, ಬೀಸುವ ಕಲ್ಲು. ಕೋಣೆ ಮೂಗನ್ನು ಆಕಾಶಕ್ಕೆತ್ತಿ ಹಿಂಗಾಲ ಮೇಲೆ ಕೂತಿತು. ನಾನು ಜಾರಿ ಹಿಂಗೋಡೆಗೆ ಒರಗಿದೆ.

ಆಮೇಲೆ ಆ ಕೋಳಿಕಿಟಕಿಯಲ್ಲಿ ಒಬ್ಬ ರೈತನ ಮುಖ ಬಗ್ಗಿ ಕಂಡಿತು.

"ನಮಸ್ಕಾರ್ರೀ ಮಾಸ್ತರ. ಹೊಸಾ ಮನಿ ಏನ್ರಿ?"

"ಅಲ್ಲಪ್ಪಾ..."

"ಛಲೋ ಐತಿ. ಆದ್ರ ಪಾಯಾ ನೆಟ್ಟಗ ಹಾಕಿಲ್ಲ ನೋಡ್ರಿ. ವಾಲೇತಿ."

ಮಾಮಾ ಎರಡು ಮೈಲು ಹೋದ ಮೇಲೆ ತಿರುಗಿ ನೋಡಿದರಂತೆ. ಅಲ್ಲಿಯವರೆಗೂ ನನಗೆ ಕೇಳಲೆಂದು ಗಟ್ಟಿಯಾಗಿ, ಕಲ್ಲು ಕಟ್ಟಿದ್ದು ಎಷ್ಟು ಶಾಣ್ಯಾತನ ಎಂದು ವಿವರಿಸುತ್ತಿದ್ದರಂತೆ. ಬಂದವರೇ ನನ್ನ ಮೇಲೆ ಸಿಟ್ಟಾದರು: "ಈಗ ಎಲ್ಲಾ ಮತ್ತ ಮೊದಲಿಂದ ಹೇಳಬೇಕಲ್ಲೋ!"

ಅಂದು ಸಂಜೆ ಅತ್ತಿಯ ಮಂಚದ ಬಳಿ ಇಬ್ಬರೂ ಅಪರಾಧಿಗಳ ಹಾಗೆ ನಿಂತೆವು. ನಡೆದದ್ದನ್ನು ನಾನು ಹೇಳಿದೆ. ಮಾಮಾ ನೆಲ ನೋಡಿದರು. ಅತ್ತಿ ನಕ್ಕರು, ನಕ್ಕು ಟೊಂಕ ನೊಂದಿತು, "ಅಯ್ಯಯ್ಯ, ನಗಸಬ್ಯಾಡ್ರೋ" ಎಂದು ಮತ್ತೆ ನಕ್ಕರು. ಆಮೇಲೆ ಕೇಳಿದರು:

"ನನ್ನ ಮಂಚ ಯಾವ ಕಡೆ ಹಾಕಿಸೀರಿ?"

"ಹಿಂದ," ಎಂದರು ಮಾಮಾ.

"ಯಾಕ?"

"ಮುಂದ ಪೆಟ್ರೋಲ ವಾಸನಿ ಬರ್ತೈತಿ, ನಿನಗ ತ್ರಾಸ ಆಗಬಾರದಂತ. ಮತ್ತ... ಮೋಟಾರಿಂದೂ ವಯಸ್ಸಾತು. ಪಾಪ, ಅದರ ಕೊರಳ ಮ್ಯಾಲೆ ಯಾಕ ಭಾರ ಹಾಕೂದು?"

"ಚಕ್ಕಡಿಗೆ ಹಿಂಭಾರ ಹೇರತೀರೇನು?"

"ಛೇ! ನೊಗ ಮ್ಯಾಲೆದ್ದು ಎತ್ತಿನ ಕೊರಳ ಬಿಗೀತೈತಿ!"

"ಎತ್ತಿನ ಮುಂದ ಇದ್ದ ಶಾಣ್ಯಾತನ ಮೋಟಾರಿನ ಮುಂದ ಎಲ್ಲಿ ಹೋತು? ಮೋಟಾರ ಮ್ಯಾಲೆ ಒಂದ ಕರುಣಾ, ನನ್ನ ಮ್ಯಾಲೆ ಒಂದ ಕರುಣಾ. ನಿಮ್ಮ ಎರಡೂ ಕರುಣಾ ಕೂಡಿ ಈ ಮಾಸ್ತರನ ಕೊಲ್ಲಾಕ ಹೊಂಟಾವ! ನನ್ನ ಮುಂದಕ್ಕ ಹಾಕ್ರಿ. ಒಂದೀಟ ಭಾರ ಕೊರಳ ಮ್ಯಾಲೆ ಬಿದ್ದರನ ಅದು ನೆಟ್ಟಗ ಹೋಗತೈತಿ. ಮೂವತ್ತ ವರ್ಷ ನಿಮ್ಮನ್ನ ಹೆಂಗ ನಡಿಸೇನಿ ಅಂತ ಮಾಡೀರಿ?"

ಮಾಮಾ ತಲೆ ಎತ್ತಿದರು. ಹತ್ತೂರಿನ ಎತ್ತು ಬಲ್ಲ ಮನುಷ್ಯ, ಮಲಗಿದ ಹೆಂಡತಿಯ ಮುಂದೆ ಬಾಯಿ ತೆರೆದು ನಿಂತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮಂಚ ಮುಂದಕ್ಕೆ ಬಂತು. ಮಾಮಾ ಹೇಳಿ ಆ ಕೋಳಿಕಿಟಕಿಯನ್ನೂ ಮುಂದಕ್ಕೆ ಸರಿಸಿದರು; ಯಾಕೆಂದು ನಾನು ಕೇಳಲಿಲ್ಲ. ಬೀಸುವ ಕಲ್ಲು ಅಡಿಗೆಮನೆಗೆ ಹೋಯಿತು. ಇನ್ನು ಎಷ್ಟು ಮುಂಭಾರ ಬೇಕು? ಒಬ್ಬ ಆಳು ಉಸಿರು ಬಿಗಿಹಿಡಿದು ತೊಲೆ ಎತ್ತಿದರೆ ಏಳಬೇಕು, ಆದರೆ ಹಾಯೆಂದು ಏಳಬಾರದು. ಚಕ್ಕಡಿಯವರ ಲೆಕ್ಕ ಅದು. ಮಂಚದ ಮೇಲೆ ಅತ್ತಿಯ ತೂಕದ ಚೀಲಗಳನ್ನು ಮಲಗಿಸಿ ಮೌನಪ್ಪ ಎತ್ತಿ ನೋಡಿದ. ಹಾಯೆಂದು ಎದ್ದಿತು. ಮೂಲೆಗೊಂದು ಜೋಳದ ಚೀಲ ಇಟ್ಟರು. ಏಳಲೇ ಇಲ್ಲ. ಅರ್ಧ ಚೀಲ ಇಟ್ಟರು. ಮತ್ತೆ ಹಗುರ. ಮೌನಪ್ಪ ಸುತ್ತ ನೋಡಿದ. ಅವನ ಕಣ್ಣು ನನ್ನ ಮೇಲೆ ನಿಂತಿತು. ನನ್ನನ್ನು ಮೂಲೆಯಲ್ಲಿ ಕೂಡಿಸಿ ತೊಲೆ ಎತ್ತಿದ.

"ಮಾಸ್ತರ ಬರೋಬ್ಬರಿ ಅದಾರ್ರಿ!"

ಹದಿನೆಂಟು ವರ್ಷದ ಮಾಸ್ತರಿಕೆಯಲ್ಲಿ ನನ್ನನ್ನು ಬರೋಬ್ಬರಿ ಎಂದವನು ಅವನೊಬ್ಬನೇ.

ಹೀಗೆ ನಾನು ಅತ್ತಿಯ ಪಾತ್ರದಿಂದ ಬಡ್ತಿ ಹೊಂದಿ ಭಾರದ ಪಾತ್ರಕ್ಕೆ ಬಂದೆ. ಕೀಲು ಮತ್ತೆ ಹಾರಿದರೆ ಎಂಬ ನನ್ನ ಚಿಂತೆಗೆ ಮೊದಲ ಸಲ ಬೆಲೆ ಬಂತು: ತೊಲೆಯ ಕೆಳಗೆ ಎತ್ತು ಕಟ್ಟುವ ಎರಡು ಸರಪಳಿಗಳನ್ನು ಅಡ್ಡಡ್ಡ ಹಾಯಿಸಿ ಮೋಟಾರಿಗೆ ಬಿಗಿದರು. ಮೂರು ಸಲ ಜಗ್ಗಿ ನೋಡಿದವನು ನಾನೇ. ಮಾಮಾ ಗಾಲಿಗಳಿಗೆ ಗಾಳಿ ತುಂಬಿಸಿ, ಕಲ್ಲಂಗಡಿ ಕೊಳ್ಳುವವರ ಹಾಗೆ ಬಡಿದು ಕಿವಿಗೊಟ್ಟು ಕೇಳಿದರು. ಇನ್ನೊಂದು ಪಾಠವನ್ನು ತಾವೇ ಕಲಿತಿದ್ದರು. "ಬಾಲ ಬೀಸಿದಾಗ ಬ್ರೇಕ್ ಹಾಕಬಾರದು, ಚಕ್ರಾ ತಿರುವಿ ಜಗಳಾನೂ ಆಡಬಾರದು. ಬೆದರಿದ ಎತ್ತಿನ ಹಗ್ಗಾ ಜಗ್ಗತಾರೇನು? ಸುಮ್ನ ನೆಟ್ಟಗ ಹಿಡದು, ಕಾಲ ಮೆಲ್ಲಕ ಎತ್ತಬೇಕು. ತಾನ ಶಾಂತ ಆಗತೈತಿ."

ತೇರದಾಳಕ್ಕೆ ಹೋಗಿ ಬಂದೆವು. ತಂಬಿಗೆಯಿಂದ ಒಂದು ಹನಿ ಹೊರಗೆ ಬೀಳಲಿಲ್ಲ. ಮಾಮಾ ಆ ನೀರನ್ನು ತೀರ್ಥದಂತೆ ಗಟಗಟ ಕುಡಿದುಬಿಟ್ಟರು. ನನಗೂ ಬಾಯಾರಿತ್ತು; ಕೇಳಲಿಲ್ಲ.

ಬೀಳಗಿಯಿಂದ ಕಾಗದ ಬಂತು: ಹೆಣ್ಣು ಕೂಸು, ತಾಯಿ ಮಗು ಕ್ಷೇಮ, ಹದಿಮೂರನೆಯ ದಿನ ತೊಟ್ಟಿಲು.

ಆ ದಿನ ಬೆಳಿಗ್ಗೆ ನಾಲ್ಕು ಮಂದಿ ಕೌದಿಯ ಅಂಚು ಹಿಡಿದು ಅತ್ತಿಯನ್ನು ಎತ್ತಿ ಕೋಣೆಯ ಮಂಚಕ್ಕೆ ತಂದರು. ಗಾಲಿಯ ನೆತ್ತಿಗೆ ಸರಿಯಾಗಿ, ನಡುವೆ, ಮೌನಪ್ಪ ಮಾಡಿದ ತೊಟ್ಟಿಲನ್ನು ಕಟ್ಟಿದರು. ನನ್ನ ಮೂಲೆಯಲ್ಲಿ ನಾನು, ಕೊಡೆಯೊಂದಿಗೆ. ನನ್ನ ಕಾಲ ಬಳಿ ಕುಡಿಯುವ ನೀರಿನ ಹೂಜಿ. ಸಿಂಬೆಯ ಮೇಲೆ ತುಂಬಿದ ತಂಬಿಗೆ. ಮಾಮಾ ಬಾಗಿಲಲ್ಲಿ ನಿಂತು ಮತ್ತೊಮ್ಮೆ ಹೇಳಿದರು: "ಚೆಲ್ಲಿದ್ರ ಗಂಟಿ ಎಳೀಬೇಕು. ಕೇಳ್ತಿಲ್ಲೋ?"

"ಹೂಂ."

"ಹೂಂ ಅಲ್ಲ. ಎಳೀಬೇಕು."

ಮೋಟಾರು ಹೊರಟಿತು. ನನಗೆ ಹೊರಗೆ ಏನೂ ಕಾಣುತ್ತಿರಲಿಲ್ಲ. ಆ ಕಿಟಕಿಯಲ್ಲಿ ಇಣುಕಬೇಕಾದರೆ ಕೂತವನು ಎರಡು ಮಡಿಕೆಯಾಗಬೇಕು. ಎದುರಿನ ಹಲಗೆ ನೋಡುತ್ತ, ಬರಬಹುದಾದ ಗಂಡಾಂತರಗಳನ್ನು ಒಂದೊಂದಾಗಿ ಎಣಿಸುತ್ತಿದ್ದೆ. ಆಗ ಅತ್ತಿಯ ದನಿ ಕೇಳಿತು.

"ಅಯ್ಯ! ಮಾಸ್ತರಾ! ಬೇವಿನ ಗಿಡಾ ಹೂ ಬಿಟ್ಟಾವಲ್ಲೋ! ಅಕಾ, ಅಲ್ಲಿ ಆಡಿನ ಮರಿ! ಇದ್ಯಾರ ಹೊಲಾ? ಎಷ್ಟ ಛಲೋ ಹರಗ್ಯಾರ!"

ನಾನು ಬಗ್ಗಿ ನೋಡಿದೆ. ಅತ್ತಿ ತಲೆದಿಂಬಿನ ಮೇಲೆ ಕೆನ್ನೆ ಇಟ್ಟು ಮಲಗಿದ್ದರು. ಅವರ ಕಣ್ಣಿನ ನೇರಕ್ಕೆ, ಒಂದು ಬೆರಳು ಮೇಲಲ್ಲ, ಒಂದು ಬೆರಳು ಕೆಳಗಲ್ಲ, ಆ ಕಿಟಕಿ. ಒಂದು ವರ್ಷ ಹದಿನೇಳು ಜಂತಿ ನೋಡಿದ ಕಣ್ಣಿನೊಳಗೆ ಇಡೀ ಬೀಳಗಿ ರಸ್ತೆ ಓಡುತ್ತಿತ್ತು. ಆ ಮಂಚದ ಮೇಲೆ ನಾನು ಎರಡು ಸಲ ಮಲಗಿದ್ದೆ ಸ್ವಾಮಿ. ಒಂದು ಸಲವಾದರೂ ಕಣ್ಣು ಬಿಟ್ಟಿದ್ದರೆ ತಿಳಿಯುತ್ತಿತ್ತು!

ಇನ್ನು ಮೂರು ಮೈಲು ಇತ್ತು. ದಾರಿ ಗುಡ್ಡದ ಮಗ್ಗುಲಿಂದ ಇಳಿಯತೊಡಗಿತು. ಎದುರಿಗೆ ಒಂದು ಬಸ್ಸು ಬಂದಿತೆಂದು ಆಮೇಲೆ ತಿಳಿಯಿತು; ನಮಗೆ ತಿಳಿದದ್ದು ಎಡಗಾಲಿ ಖಡಿ ರಸ್ತೆಯ ಅಂಚಿನಿಂದ ದಡಕ್ಕನೆ ಇಳಿದದ್ದು, ಮತ್ತೆ ಹತ್ತಿದ್ದು. ಹತ್ತಿದ್ದೇ ತಡ, ಬಾಲ ಬೀಸಿತು. ಒಂದು ಸಲ. ಎರಡು ಸಲ. ಮೂರನೆಯ ಸಲಕ್ಕೆ ತಂಬಿಗೆ ಅತ್ತಿಯ ಎದೆಯ ಮೇಲೆ ಪೂರ್ತಿ ಮಗುಚಿತು. ನಾನು ಹಗ್ಗಕ್ಕೆ ಕೈ ಹಾಕಿದೆ. ಈ ಸಲ ಹಗ್ಗವೇ ಸಿಕ್ಕಿತು!

ಎಳೆಯಲಾಗಲಿಲ್ಲ. ನನ್ನ ಮಣಿಕಟ್ಟನ್ನು ಅತ್ತಿ ಹಿಡಿದಿದ್ದರು. ಒಂದು ವರ್ಷ ಮಲಗಿದ ಹೆಂಗಸಿನ ಕೈಯಲ್ಲಿ ಅಷ್ಟು ಬಲ ಎಲ್ಲಿತ್ತೋ!

"ಎಳೀಬ್ಯಾಡ."

"ಅತ್ತೀ, ಮಾಮಾ ಹೇಳ್ಯಾರ..."

"ಗಂಟಿ ಎಳದ್ರ ತಿರುಗಿಸಿಬಿಡ್ತಾರ. ಚಕ್ಕಡಿ ತಿರುಗಿಸಿದಂಗ. ಮೂರ ಮೈಲಿನಾಗ ನನ್ನ ಮಗಳದಾಳ. ಎಳೀಬ್ಯಾಡೋ ತಮ್ಮಾ."

ಅವರ ತುಟಿಯನ್ನು ನೋಡಿದೆ. ಕಚ್ಚಿರಲಿಲ್ಲ, ಕಚ್ಚಬಾರದೆಂದೇ ಬಾಯಿ ತುಸು ತೆರೆದಿಟ್ಟುಕೊಂಡಿದ್ದರು. ಅಷ್ಟರಲ್ಲಿ ಕೋಣೆಯ ಬೀಸು ಸಣ್ಣದಾಯಿತು, ಇನ್ನೂ ಸಣ್ಣದಾಯಿತು, ನಿಂತಿತು. ಮೋಟಾರು ಬ್ರೇಕು ಹಾಕಲಿಲ್ಲ. ಎಲ್ಲೋ ಮುಂದಿನಿಂದ "ಹೋ ನನ್ನಪ್ಪಾ, ಹೋ" ಎಂಬ ದನಿ ಮಾತ್ರ ಬಂತು.

ಅತ್ತಿ ಮಣಿಕಟ್ಟು ಬಿಟ್ಟರು. "ಹೂಜಿ ಎಲ್ಲೈತಿ? ತಂಬಿಗಿ ತುಂಬು. ಕಂಠದ ಮಟಾ. ಹೆಚ್ಚಾಗಬಾರದು, ಕಡಿಮಿ ಆಗಬಾರದು."

ಜೀವಮಾನದಲ್ಲಿ ಹಾಜರಿಪಟ್ಟಿಯಲ್ಲಿ ಕೂಡ ಸುಳ್ಳು ಗುರುತು ಹಾಕದ ನಾನು, ಓಡುವ ಕೋಣೆಯಲ್ಲಿ ಒಂದು ಹನಿ ಚೆಲ್ಲದೆ ತಂಬಿಗೆ ತುಂಬಿದೆ. ಒದ್ದೆ ಸೀರೆಯ ಮೇಲೆ ಅತ್ತಿ ಗದ್ದದವರೆಗೆ ಕೌದಿ ಎಳೆದುಕೊಂಡರು.

ಬೀಳಗಿಯಲ್ಲಿ ಬೀಗರ ಮನೆಯ ಮುಂದೆ ಮಾಮಾ ಇಳಿದು ಬಂದು ಬಾಗಿಲು ತೆರೆದರು. ಮೊದಲು ಅತ್ತಿಯ ಮುಖ ನೋಡಿದರು. ಆಮೇಲೆ ತಂಬಿಗೆ ನೋಡಿದರು. ಆಮೇಲೆ ಕೌದಿ.

"ಇಂಥಾ ಬಿಸಲಾಗ ಕೌದಿ ಯಾಕ ಹೊತಗೊಂಡಿ?"

"ಕಿಡಕ್ಯಾಗಿಂದ ಗಾಳಿ ಛಲೋ ಬರ್ತಿತ್ತು. ಥಂಡಿ ಹತ್ತಿತು."

ಮಾಮಾ ನನ್ನ ಕಡೆ ತಿರುಗಿದರು. ನಾನು ಕೊಡೆಯ ಹಿಡಿಕೆಯನ್ನು ಪರೀಕ್ಷಿಸುತ್ತಿದ್ದೆ. ಅವರು ತಂಬಿಗೆ ಎತ್ತಿಕೊಂಡು ಅಂಗಳದಲ್ಲಿ ನಿಂತ ಎಲ್ಲರಿಗೂ ತೋರಿಸಿದರು. "ನೋಡ್ರಿ! ಜಮಖಂಡ್ಯಾಗ ತುಂಬಿದ್ದು. ಎಷ್ಟಿತ್ತೋ ಅಷ್ಟ ಐತಿ!" ಬೀಗರು ತಲೆದೂಗಿದರು. ನಾನೂ ತೂಗಿದೆ.

ಪಡಸಾಲೆಯಲ್ಲಿ ಅತ್ತಿಯ ಹಾಸಿಗೆ, ಅದರ ಪಕ್ಕದಲ್ಲಿ ತೊಟ್ಟಿಲು. ಮಗಳು ತಾಯಿಯ ಸೀರೆ ಬದಲಿಸಿ, ಒದ್ದೆಯದನ್ನು ಹಿತ್ತಲಲ್ಲಿ ಒಣಹಾಕಿ, ಕೂಸನ್ನು ತಂದು ತಾಯಿಯ ಎದೆಯ ಮೇಲೆ ಮಲಗಿಸಿದಳು. ಹೆಸರಿಟ್ಟ ಮೇಲೆ ಕೂಸನ್ನು ತೊಟ್ಟಿಲಿಗೆ ಹಾಕಿದರು. ಅತ್ತಿ ಮಲಗಿದಲ್ಲಿಂದಲೇ ಕೈ ಚಾಚಿ ತೂಗಿದರು. ನಾಲ್ಕು ತಿಂಗಳು ಒಂದು ವಸ್ತು ತೂಗಾಡಬಾರದೆಂದು ನಾವು ಪಟ್ಟ ಪಾಡೆಲ್ಲ ಈ ಒಂದು ತೂಗಾಟಕ್ಕಾಗಿಯೇ! ಮಾಮಾ ಕಂಬಕ್ಕೆ ಒರಗಿ ನಿಂತಿದ್ದರು. ಅವರು ತೊಟ್ಟಿಲು ನೋಡುತ್ತಿರಲಿಲ್ಲ, ಅತ್ತಿಯ ಕೈ ನೋಡುತ್ತಿದ್ದರು.

ಮೂರನೆಯ ದಿನ ಹೊರಟೆವು. ಅತ್ತಿಯನ್ನು ಮಲಗಿಸಿಯಾಗಿತ್ತು. ನಾನು ಸರಪಳಿ ಜಗ್ಗಿ ನೋಡಿ, ಕೀಲು ಜಗ್ಗಿ ನೋಡಿ, ಕೋಣೆಯೊಳಗೆ ಹತ್ತಿದೆ. ಮಾಮಾ ಸಿಂಬೆಯ ಮೇಲೆ ತಂಬಿಗೆ ಇಟ್ಟು ಇಳಿಯುತ್ತಿದ್ದರು. ನೋಡಿದೆ. ನೀರು ಅರ್ಧಕ್ಕೇ ನಿಂತಿತ್ತು.

"ಮಾಮಾ, ತಂಬಿಗಿ ತುಂಬಲಿಲ್ಲಲ್ರಿ?"

ಮಾಮಾ ಬಾಗಿಲಲ್ಲಿ ನಿಂತರು. ಒಳಗೆ ಅತ್ತಿ ಕಣ್ಣು ಮುಚ್ಚಿ ನಿದ್ದೆ ಬಂದವರ ಹಾಗೆ ಮಲಗಿದ್ದರು. ತುಟಿಯ ತುದಿ ಮಾತ್ರ ನಿದ್ದೆ ಮಾಡಿರಲಿಲ್ಲ. ಮಾಮಾ ಅವರ ಕಾಲಿನ ಮೇಲೆ ಸರಿದಿದ್ದ ಕೌದಿಯನ್ನು ನೆಟ್ಟಗೆ ಮಾಡಿದರು. ನನಗಷ್ಟೇ ಕೇಳುವಂತೆ ಹೇಳಿದರು:

"ಇಷ್ಟ ಸಾಕು. ನಿಮ್ಮತ್ತಿ ಕಡೆ ಒಣಾ ಸೀರಿ ಇನ್ನ ಒಂದ ಉಳದೈತಿ."